ಮೋಡಕ್ಕೂ ನೆಲದ ತಂತಿ ಬೇಕು

ಹದಿನೆಂಟು ತಿಂಗಳು ಪುಕ್ಕಟೆಯಂತೆ, ಮಗನ ಫೋನಿಗೆ ಬಂದಿದೆ, ಹಾಕಿಕೊಳ್ಳಲು ಬಿಡಬಹುದೇ? 2025ರ ಅಕ್ಟೋಬರ್ ಕೊನೆಯಿಂದ ಈಚೆಗೆ ಪೋಷಕರು ಶಾಲೆಯ ಮೇಷ್ಟರುಗಳನ್ನು ಕೇಳುತ್ತ ಬಂದಿರುವ ಪ್ರಶ್ನೆ ಇದು. ಆ ತಿಂಗಳ 30ರಂದು ಜಿಯೋ ಕಂಪನಿ ತನ್ನ 5ಜಿ ಗ್ರಾಹಕರಿಗೆ, ಅದರಲ್ಲೂ ಮೊದಲು 18ರಿಂದ 25 ವರ್ಷದೊಳಗಿನವರಿಗೆ, ಗೂಗಲ್‌ನ ಜೆಮಿನಿ ಪ್ರೊ ಎಂಬ ಕೃತಕ ಬುದ್ಧಿಮತ್ತೆಯ ಸೇವೆಯನ್ನು 18 ತಿಂಗಳ ಕಾಲ ಉಚಿತವಾಗಿ ಕೊಡುವುದಾಗಿ ಪ್ರಕಟಿಸಿತು. ಅದರ ಬೆಲೆ 35,100 ರೂಪಾಯಿ ಎಂದೂ ಹೇಳಿಕೊಂಡಿತು. ಅದಕ್ಕೂ ಮೊದಲೇ, ಅದೇ ವರ್ಷದ ಜುಲೈನಲ್ಲಿ, ಏರ್‌ಟೆಲ್ ಕಂಪನಿ ಪರ್‌ಪ್ಲೆಕ್ಸಿಟಿ ಎಂಬ ಇನ್ನೊಂದು ಸೇವೆಯನ್ನು ತನ್ನ ಗ್ರಾಹಕರಿಗೆ ಒಂದು ವರ್ಷ ಬಿಟ್ಟಿಯಾಗಿ ಕೊಡಲು ಮುಂದಾಗಿತ್ತು.

ಕಿರಾಣಿ ಅಂಗಡಿಯವನು ತೂಕ ಮಾಡಿದ ಮೇಲೆ ಒಂದು ಚೂರು ಬೆಲ್ಲ ಹೆಚ್ಚಿಗೆ ಹಾಕುವುದು ನಮಗೆಲ್ಲ ಗೊತ್ತು. ಆದರೆ ಅವನು ಪಕ್ಕದ ಅಂಗಡಿಯ ತುಪ್ಪವನ್ನು ತೆಗೆದು ನಮ್ಮ ಚೀಲಕ್ಕೆ ಹಾಕಿದನೆಂದರೆ, ಆ ಎರಡು ಅಂಗಡಿಗಳ ನಡುವೆ ಏನೋ ಒಪ್ಪಂದ ಇದೆಯೆಂದೇ ಅರ್ಥ. ಜೆಮಿನಿ ಜಿಯೋದ ಸರಕಲ್ಲ, ಗೂಗಲ್‌ನದು. ಹಾಗಾದರೆ ಫೋನ್ ಕಂಪನಿಗೂ ಗಣಕದ ಕಂಪನಿಗೂ ಏನು ನಂಟು? ಈ ವಾರ ಆ ನಂಟಿನ ಜಾಡು ಹಿಡಿಯೋಣ. ಇದರಲ್ಲಿ ಸ್ವಲ್ಪ ಭೌತಶಾಸ್ತ್ರವಿದೆ, ಸ್ವಲ್ಪ ಲೆಕ್ಕವಿದೆ, ಉಳಿದದ್ದು ವ್ಯಾಪಾರ.

ಮೊದಲು ಕ್ಲೌಡ್ ಎಂದರೇನು ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ಹೆಸರು ಮೋಡ ಎಂದಿದ್ದರೂ ಅದು ಆಕಾಶದಲ್ಲಿಲ್ಲ. ಸಾವಿರಾರು ಗಣಕಗಳನ್ನು ಸಾಲುಸಾಲಾಗಿ ಕಪಾಟುಗಳಲ್ಲಿ ಜೋಡಿಸಿ, ಹಗಲಿರುಳು ವಿದ್ಯುತ್ ಕೊಟ್ಟು, ಅವು ಕಾರುವ ಶಾಖವನ್ನು ಹೊರಗೆ ಹಾಕಲು ದೊಡ್ಡ ದೊಡ್ಡ ಶೀತಕ ಯಂತ್ರಗಳನ್ನು ಓಡಿಸುವ ಕಾರ್ಖಾನೆಯಂಥ ಕಟ್ಟಡ ಅದು. ಡೇಟಾ ಸೆಂಟರ್ ಎಂದು ಕರೆಯುತ್ತಾರೆ. ಅಮೆಜಾನ್ ಕಂಪನಿ 2006ರಲ್ಲಿ ಇಂಥ ಗಣಕಗಳನ್ನು ಗಂಟೆಗಿಷ್ಟು ಎಂದು ಹೊರಗಿನವರಿಗೆ ಬಾಡಿಗೆಗೆ ಕೊಡಲು ಆರಂಭಿಸಿತು. ಮೈಕ್ರೋಸಾಫ್ಟ್, ಗೂಗಲ್ ಅದರ ಹಿಂದೆ ಬಂದವು. ಈಗ ನೀವು ಫೋನಿನಲ್ಲಿ ತೆಗೆದ ಫೋಟೋ, ನೋಡುವ ಪಾಠದ ವಿಡಿಯೋ, ಬ್ಯಾಂಕಿನ ಆ್ಯಪ್ ಇವೆಲ್ಲದರ ಹಿಂದೆ ಬಹುಮಟ್ಟಿಗೆ ಇಂಥ ಯಾವುದೋ ಕಟ್ಟಡವಿರುತ್ತದೆ.

ಆ ಕಟ್ಟಡ ಎಲ್ಲಿದ್ದರೇನು ಎಂದು ಕೇಳಬಹುದು. ಇಲ್ಲೇ ಭೌತಶಾಸ್ತ್ರ ಅಡ್ಡ ಬರುತ್ತದೆ. ಹತ್ತನೆಯ ತರಗತಿಯ ಬೆಳಕಿನ ಪಾಠವನ್ನು ನೆನಪಿಸಿಕೊಳ್ಳಿ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ಗಾಜಿನೊಳಗೆ ಅಷ್ಟಿಲ್ಲ, ವಕ್ರೀಭವನ ಸೂಚ್ಯಂಕದಿಂದ ಭಾಗಿಸಬೇಕು. ಫೈಬರ್ ಕೇಬಲಿನ ಗಾಜಿಗೆ ಅದು ಸುಮಾರು 1.47. ಭಾಗಿಸಿದರೆ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರಿಗಿಂತ ತುಸು ಹೆಚ್ಚು ಬರುತ್ತದೆ. ಲೆಕ್ಕಕ್ಕೆ ಎರಡು ಲಕ್ಷ ಎಂದೇ ಇಟ್ಟುಕೊಳ್ಳೋಣ. ಅಂದರೆ ಒಂದು ಮಿಲಿಸೆಕೆಂಡಿಗೆ, ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ, 200 ಕಿಲೋಮೀಟರ್.

ಬೆಂಗಳೂರಿನಿಂದ ಅಮೆರಿಕದ ವರ್ಜೀನಿಯಾದಲ್ಲಿರುವ ಡೇಟಾ ಸೆಂಟರಿಗೆ ಕೇಬಲಿನ ದಾರಿ ಹದಿನೈದು ಸಾವಿರ ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಲು 75, ಬರಲು 75, ಒಟ್ಟು 150 ಮಿಲಿಸೆಕೆಂಡು. ಮುಂಬೈಗೆ ಸಾವಿರ ಕಿಲೋಮೀಟರ್ ಎಂದರೆ ಹೋಗಿಬರಲು 10 ಮಿಲಿಸೆಕೆಂಡು. ಕಣ್ಣು ಮಿಟುಕಿಸುವುದಕ್ಕೇ ನೂರು ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ, ಇದಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎನ್ನಬೇಡಿ. ಫೋನು ಒಂದು ಪುಟವನ್ನು ತೆರೆಯಬೇಕಾದರೆ ಒಂದೇ ಸಲ ಕೇಳಿ ಸುಮ್ಮನಾಗುವುದಿಲ್ಲ. ಮೊದಲು ವಿಳಾಸ ವಿಚಾರಿಸುತ್ತದೆ, ಆಮೇಲೆ ಪರಿಚಯ ಹೇಳಿಕೊಳ್ಳುತ್ತದೆ, ಗುಟ್ಟಿನ ಸಂಕೇತ ಒಪ್ಪಿಸುತ್ತದೆ, ಪುಟ ತರಿಸಿಕೊಳ್ಳುತ್ತದೆ, ಪುಟದಲ್ಲಿ ಚಿತ್ರಗಳಿದ್ದರೆ ಅವನ್ನು ಮತ್ತೆ ಕೇಳುತ್ತದೆ. ಹಿಂದೆ ಇನ್‌ಲ್ಯಾಂಡ್ ಪತ್ರದಲ್ಲಿ ಮದುವೆ ಮಾತುಕತೆ ನಡೆಯುತ್ತಿದ್ದ ಹಾಗೆ. ಒಂದಕ್ಕೆ ಉತ್ತರ ಬರದೆ ಮುಂದಿನದನ್ನು ಬರೆಯುವಂತಿಲ್ಲ. ಹೀಗೆ ಇಪ್ಪತ್ತು ಸಲ ಹೋಗಿಬರಬೇಕಾದರೆ ವರ್ಜೀನಿಯಾಕ್ಕೆ ಮೂರು ಸೆಕೆಂಡು, ಮುಂಬೈಗೆ ಸೆಕೆಂಡಿನ ಐದನೆಯ ಒಂದು ಭಾಗ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ವಾಹನ 150 ಮಿಲಿಸೆಕೆಂಡಿನಲ್ಲಿ ಎರಡೂವರೆ ಮೀಟರ್ ಮುಂದೆ ಹೋಗಿರುತ್ತದೆ. 10 ಮಿಲಿಸೆಕೆಂಡಿನಲ್ಲಾದರೆ ಒಂದು ಗೇಣಿಗಿಂತ ಕಡಿಮೆ. ಬ್ರೇಕ್ ಹಾಕಲೋ ಬೇಡವೋ ಎಂದು ದೂರದ ಗಣಕವನ್ನು ಕೇಳುವ ಯಂತ್ರಕ್ಕೆ ಈ ಅಂತರ ಪ್ರಾಣದ ಪ್ರಶ್ನೆ.

ಎಷ್ಟೇ ದುಡ್ಡು ಸುರಿದರೂ ಬೆಳಕನ್ನು ಇನ್ನಷ್ಟು ಜೋರಾಗಿ ಓಡಿಸಲಾಗುವುದಿಲ್ಲ. ಕೈಯಲ್ಲಿರುವುದು ಒಂದೇ ಉಪಾಯ: ಗಣಕವನ್ನು ಗ್ರಾಹಕನ ಹತ್ತಿರಕ್ಕೆ ತರುವುದು. ಗ್ರಾಹಕನ ಹತ್ತಿರ ಈಗಾಗಲೇ ಕಟ್ಟಡ, ವಿದ್ಯುತ್ ಸಂಪರ್ಕ, ಬ್ಯಾಟರಿ, ಕೇಬಲು ಎಲ್ಲ ಇರುವುದು ಯಾರ ಬಳಿ? ದೂರವಾಣಿ ಕಂಪನಿಯ ಬಳಿ. ತಾಲ್ಲೂಕಿಗೊಂದು ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡ, ಊರಿಗೊಂದು ಗೋಪುರ ಅವರ ಸ್ವತ್ತು. ಗಣಕದ ಕಂಪನಿಯವರಲ್ಲಿ ಬುದ್ಧಿ ಇದೆ, ದಾರಿಯಿಲ್ಲ; ಫೋನ್ ಕಂಪನಿಯವರಲ್ಲಿ ದಾರಿಯಿದೆ, ಆ ದಾರಿಯಲ್ಲಿ ಹೋಗುವ ಸರಕು ಅವರದಲ್ಲ.

ಹಾಗೆಂದು ಫೋನ್ ಕಂಪನಿಗಳು ಸುಲಭವಾಗಿ ಕೈ ಮುಂದೆ ಚಾಚಲಿಲ್ಲ. ಮೊದಲು ತಾವೇ ಮೋಡ ಕಟ್ಟಲು ಹೊರಟವು. ಅಮೆರಿಕದ ವೆರೈಝನ್ ಕಂಪನಿಯ ಕಥೆಯನ್ನೇ ನೋಡಿ. 2011ರಲ್ಲಿ ಅದು ಟೆರ್‌ಮಾರ್ಕ್ ಎಂಬ ಡೇಟಾ ಸೆಂಟರ್ ಕಂಪನಿಯನ್ನು 140 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಮೆಜಾನ್‌ಗೆ ಪೈಪೋಟಿ ಕೊಡುವುದು ಅದರ ಹಂಚಿಕೆ. ಐದು ವರ್ಷ ಕಳೆಯುವಷ್ಟರಲ್ಲಿ ಸುಸ್ತಾಯಿತು. 2016ರ ಡಿಸೆಂಬರಿನಲ್ಲಿ ತನ್ನ 29 ಡೇಟಾ ಸೆಂಟರ್ ಕಟ್ಟಡಗಳನ್ನು ಈಕ್ವಿನಿಕ್ಸ್ ಕಂಪನಿಗೆ 360 ಕೋಟಿ ಡಾಲರಿಗೆ ಮಾರುವುದಾಗಿ ಹೇಳಿತು. ಮರುವರ್ಷ ಉಳಿದ ಕ್ಲೌಡ್ ವ್ಯವಹಾರವನ್ನೂ ಐಬಿಎಂ ಕಂಪನಿಗೆ ದಾಟಿಸಿತು. ಕೊನೆಗೆ 2019ರ ಡಿಸೆಂಬರಿನಲ್ಲಿ ಯಾರಿಗೆ ಪೈಪೋಟಿ ಕೊಡಲು ಹೊರಟಿತ್ತೋ ಅದೇ ಅಮೆಜಾನ್ ಜೊತೆ ಒಪ್ಪಂದಕ್ಕೆ ಬಂತು. ಅಮೆಜಾನ್‌ನ ಗಣಕಗಳು ವೆರೈಝನ್‌ನ ಕಟ್ಟಡಗಳೊಳಗೇ ಬಂದು ಕೂತವು. 2020ರ ಆಗಸ್ಟಿನಲ್ಲಿ ಬಾಸ್ಟನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನಲ್ಲಿ ಕೆಲಸ ಶುರುವಾಯಿತು. ರೈಲ್ವೆ ಇಲಾಖೆಯವರು ಕಾರ್ಖಾನೆಯನ್ನೂ ತಾವೇ ನಡೆಸುತ್ತೇವೆಂದು ಹೊರಟು, ಆಮೇಲೆ ಹಳಿಯ ಪಕ್ಕದ ಗೋದಾಮನ್ನು ಬಾಡಿಗೆಗೆ ಕೊಟ್ಟ ಹಾಗೆ.

ಸಮುದ್ರದ ತಳದಲ್ಲೂ ಇದೇ ನಂಟು ನಡೆದಿದೆ. ಮೊದಲೆಲ್ಲ ಸಾಗರದಾಚೆಗೆ ಕೇಬಲ್ ಹಾಕುವುದು ಟೆಲಿಫೋನ್ ಕಂಪನಿಗಳ ಕೆಲಸ. 2017ರಲ್ಲಿ ಪೂರ್ತಿಯಾದ ಮರಿಯಾ ಎಂಬ ಕೇಬಲು ವರ್ಜೀನಿಯಾದ ಕಡಲತೀರದಿಂದ ಸ್ಪೇನಿನ ಬಿಲ್ಬಾವೋಗೆ 6,600 ಕಿಲೋಮೀಟರ್ ಹರಿಯುತ್ತದೆ. ಅದನ್ನು ಹಾಕಿಸಿದವರು ಮೈಕ್ರೋಸಾಫ್ಟ್, ಫೇಸ್‌ಬುಕ್ ಮತ್ತು ಸ್ಪೇನಿನ ಟೆಲಿಫೋನಿಕಾ ಬಳಗದ ಟೆಲ್ಕ್ಸಿಯಸ್. ಫೋನ್ ಕಂಪನಿ ಮೂವರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿ.

ಈಗ ನಮ್ಮ ದೇಶಕ್ಕೆ ಬರೋಣ. 2019ರ ಆಗಸ್ಟಿನಲ್ಲಿ ಜಿಯೋ ಮತ್ತು ಮೈಕ್ರೋಸಾಫ್ಟ್ ಹತ್ತು ವರ್ಷದ ಒಪ್ಪಂದವೊಂದನ್ನು ಪ್ರಕಟಿಸಿದವು. ಕಟ್ಟಡ ಜಿಯೋದ್ದು, ಅದರೊಳಗೆ ನಡೆಯುವ ಕ್ಲೌಡ್ ಮೈಕ್ರೋಸಾಫ್ಟ್‌ನದು. ಜಾಗ ಗುಜರಾತಿನ ಜಾಮ್‌ನಗರ ಮತ್ತು ಮಹಾರಾಷ್ಟ್ರದ ನಾಗಪುರ. ಮರುವರ್ಷ ಜುಲೈನಲ್ಲಿ ಗೂಗಲ್ ಕಂಪನಿ 33,737 ಕೋಟಿ ರೂಪಾಯಿ ಹೂಡಿ ಜಿಯೋ ಪ್ಲಾಟ್‌ಫಾರ್ಮ್ಸ್‌ನಲ್ಲಿ ಶೇಕಡಾ 7.7ರಷ್ಟು ಪಾಲು ಪಡೆಯುವುದಾಗಿ ಹೇಳಿತು. 2020ರ ಆಗಸ್ಟಿನಲ್ಲಿ ಏರ್‌ಟೆಲ್ ಅಮೆಜಾನ್‌ನ ಕ್ಲೌಡ್ ವಿಭಾಗದ ಜೊತೆ ಕೈಜೋಡಿಸಿತು. 2022ರ ಜನವರಿಯಲ್ಲಿ ಅದೇ ಏರ್‌ಟೆಲ್‌ಗೆ ಗೂಗಲ್ ನೂರು ಕೋಟಿ ಡಾಲರ್ ತನಕ ಹಾಕುವುದಾಗಿ ಪ್ರಕಟಿಸಿತು. ಅದರಲ್ಲಿ 70 ಕೋಟಿ ಡಾಲರ್ ಶೇಕಡಾ 1.28ರ ಪಾಲಿಗೆ, ಉಳಿದದ್ದು ಮುಂದಿನ ವ್ಯಾಪಾರದ ಒಪ್ಪಂದಗಳಿಗೆ. ಜಿಯೋ ಮತ್ತು ಏರ್‌ಟೆಲ್ ಒಂದನ್ನೊಂದು ಕಂಡರೆ ಆಗದ ದಾಯಾದಿಗಳು. ಗೂಗಲ್ ಎರಡು ಮನೆಗೂ ಬೀಗರು! ಯಾವ ಮನೆಯಲ್ಲಿ ಮದುವೆಯಾದರೂ ಅವರಿಗೆ ಮೊದಲ ಪಂಕ್ತಿಯ ಊಟ.

2025ರಲ್ಲಿ ಈ ಬೀಗತನ ಇನ್ನೂ ಬಿಗಿಯಾಯಿತು. ಆಗಸ್ಟಿನಲ್ಲಿ ರಿಲಯನ್ಸ್ ಜಾಮ್‌ನಗರದಲ್ಲಿ ಗೂಗಲ್‌ಗಾಗಿ ಪ್ರತ್ಯೇಕ ಕ್ಲೌಡ್ ಕೇಂದ್ರದ ಯೋಜನೆಯನ್ನು ಪ್ರಕಟಿಸಿತು. ಅಕ್ಟೋಬರಿನಲ್ಲಿ ಗೂಗಲ್ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ತೊಡಗಿಸುವುದಾಗಿ ಹೇಳಿತು. ಅಲ್ಲಿ ಜೊತೆಗಾರರು ಏರ್‌ಟೆಲ್ ಮತ್ತು ಅದಾನಿ ಬಳಗದ ಅದಾನಿಕನೆಕ್ಸ್. ಸಮುದ್ರದ ಕೇಬಲುಗಳನ್ನು ದಡಕ್ಕೆ ತರುವ ನಿಲ್ದಾಣವೂ ಆ ಯೋಜನೆಯಲ್ಲಿದೆ. ನಮ್ಮ ದೇಶಕ್ಕೆ ಬರುವ ಕಡಲ ಕೇಬಲುಗಳಲ್ಲಿ ಬಹುಪಾಲು ಮುಂಬೈ ಮತ್ತು ಚೆನ್ನೈಗಳಲ್ಲೇ ದಡ ಸೇರುತ್ತವೆಯಾದ್ದರಿಂದ ಪೂರ್ವ ಕರಾವಳಿಯಲ್ಲಿ ಇನ್ನೊಂದು ಬಾಗಿಲು ತೆರೆಯುವುದು ಒಳ್ಳೆಯದೇ.

ಇಲ್ಲಿಯತನಕ ಹೇಳಿದ್ದು ಫೋನ್ ಕಂಪನಿಯ ಮನೆಗೆ ಮೋಡ ಬಂದು ಕೂತ ಕಥೆ. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಇದರ ತಿರುವುಮುರುವು: ಫೋನ್ ಕಂಪನಿಯ ಮಿದುಳೇ ಎದ್ದು ಮೋಡದೊಳಕ್ಕೆ ಹೋಗುತ್ತಿರುವುದು. ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ, ನಮ್ಮ ಕಿತ್ತೂರಿಗೆ ಹೋಗಬೇಕು.

1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ನಮ್ಮ ಹಳ್ಳಿಗಳಿಗೆ ಒಗ್ಗುವ ಟೆಲಿಫೋನ್ ಎಕ್ಸ್‌ಚೇಂಜನ್ನು ನಮ್ಮವರೇ ರೂಪಿಸಬೇಕೆಂಬುದು ಉದ್ದೇಶ. ವಿದೇಶಿ ಯಂತ್ರಗಳಿಗೆ ಹವಾನಿಯಂತ್ರಿತ ಕೋಣೆ ಬೇಕು. ನಮ್ಮ ಹಳ್ಳಿಯಲ್ಲಿ ಫ್ಯಾನ್ ತಿರುಗಿದರೇ ಹೆಚ್ಚು ಎನ್ನುವಂಥ ಕಾಲ. ಸಿ-ಡಾಟ್‌ನ ಎಂಜಿನಿಯರುಗಳು ಬಿಸಿಲು, ಧೂಳು ತಡೆದುಕೊಂಡು ಹವಾನಿಯಂತ್ರಣವಿಲ್ಲದೆ ನಡೆಯುವ 128 ಲೈನುಗಳ ಪುಟ್ಟ ಎಕ್ಸ್‌ಚೇಂಜ್ ಮಾಡಿದರು. ಅದರಲ್ಲಿ ಮೊದಲನೆಯದು 1986ರಲ್ಲಿ ಕೆಲಸ ಆರಂಭಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಹಳ್ಳಿ ಹಳ್ಳಿಗೆ ಎಸ್‌ಟಿಡಿ ಬೂತು ಬಂದುದರ ಹಿಂದೆ ಈ ಪೆಟ್ಟಿಗೆಯಿದೆ. ಇಂದಿನ ಮಕ್ಕಳು ಹಳದಿ ಬಣ್ಣದ ಆ ಬೂತುಗಳನ್ನು ನೋಡಿಲ್ಲ; ಅಪ್ಪ ಅಮ್ಮನನ್ನು ಕೇಳಿದರೆ ರಾತ್ರಿ ಹತ್ತರ ಮೇಲೆ ದರ ಕಡಿಮೆಯಾಗುವುದನ್ನು ಕಾದು ನಿಲ್ಲುತ್ತಿದ್ದ ಸಾಲಿನ ಕಥೆ ಹೇಳುತ್ತಾರೆ.

ಆ ಎಕ್ಸ್‌ಚೇಂಜಿನ ಕೆಲಸ ಏನು? ಯಾರು ಯಾರಿಗೆ ಕರೆ ಮಾಡುತ್ತಿದ್ದಾರೆಂದು ತಿಳಿದು ಜೋಡಿಸುವುದು, ಲೆಕ್ಕ ಇಡುವುದು. ಅಂದು ಅದಕ್ಕೆಂದೇ ಮಾಡಿದ ಯಂತ್ರ ಬೇಕಿತ್ತು. 5ಜಿ ಕಾಲಕ್ಕೆ ಆ ಕೆಲಸವೆಲ್ಲ ಬರೀ ತಂತ್ರಾಂಶವಾಗಿದೆ. ಯಾವ ಸಾಧಾರಣ ಗಣಕದ ಮೇಲಾದರೂ ಓಡುತ್ತದೆ. ಹಾಗಿದ್ದ ಮೇಲೆ ಆ ಗಣಕ ನಮ್ಮದೇ ಏಕಿರಬೇಕು, ಬಾಡಿಗೆಯದಾದರೇನು ಎಂಬ ಪ್ರಶ್ನೆ ಬಂತು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಡಿಶ್ ಕಂಪನಿ ತನ್ನ ಹೊಸ 5ಜಿ ಜಾಲವನ್ನು ಅಮೆಜಾನ್‌ನ ಕ್ಲೌಡ್ ಮೇಲೆ ಕಟ್ಟುವುದಾಗಿ ಹೇಳಿತು. ಅದೇ ವರ್ಷ ಜೂನ್ 30ರಂದು ಎಟಿ ಅಂಡ್ ಟಿ ಕಂಪನಿ ತನ್ನ 5ಜಿ ಜಾಲವನ್ನು ಮೈಕ್ರೋಸಾಫ್ಟ್‌ನ ಕ್ಲೌಡಿಗೆ ಒಯ್ಯುವುದಾಗಿ ಪ್ರಕಟಿಸಿತು. ಅದಕ್ಕಾಗಿ ತಾನು ವರ್ಷಗಟ್ಟಲೆ ಬೆಳೆಸಿದ್ದ ತಂತ್ರಜ್ಞಾನವನ್ನೂ ಮೈಕ್ರೋಸಾಫ್ಟ್‌ಗೆ ಒಪ್ಪಿಸಿತು. ಎಟಿ ಅಂಡ್ ಟಿ ಎಂದರೆ ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್‌ನ ಕಂಪನಿಯ ವಂಶ. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಬೆಲ್ ಪ್ರಯೋಗಾಲಯ ಆಗ ಅದರದೇ. ಅಂಥ ಮನೆತನ ತಿಜೋರಿಯ ಕೀಲಿಕೈಯನ್ನು ಬೇರೆಯವರ ಕೈಗಿಟ್ಟಿತು.

ಕೊಟ್ಟಿದ್ದು ಸರಿಯೋ ತಪ್ಪೋ? ಖರ್ಚು ಉಳಿಯುತ್ತದೆ, ಹೊಸತು ಬೇಗ ಬರುತ್ತದೆ, ಅದು ಸುಳ್ಳಲ್ಲ. ಆದರೆ ಬಾಡಿಗೆ ಮನೆಯ ಮಾಲೀಕನ ಮನಸ್ಸು ಬದಲಾಗುವುದೂ ಸುಳ್ಳಲ್ಲ. ಫೋನ್ ಕಂಪನಿಗಳನ್ನು ಸೆಳೆಯಲೆಂದೇ ಮೈಕ್ರೋಸಾಫ್ಟ್ 2020ರಲ್ಲಿ ಮೆಟಾಸ್ವಿಚ್ ಎಂಬ ಬ್ರಿಟಿಷ್ ಕಂಪನಿಯನ್ನು ಕೊಂಡಿತ್ತು. 2024ರ ಡಿಸೆಂಬರಿಗೆ ಅದನ್ನು ಅಲಿಯಾಂಝಾ ಎಂಬ ಇನ್ನೊಂದು ಕಂಪನಿಗೆ ಮಾರಲು ಒಪ್ಪಂದವಾಯಿತು. ನಾಲ್ಕು ವರ್ಷದಲ್ಲಿ ಉತ್ಸಾಹ ಇಳಿದಿತ್ತು. ಮದುವೆಯಲ್ಲಿ ಉಡುಗೊರೆ ಕೊಟ್ಟವರೆಲ್ಲ ಕೊನೆತನಕ ಜೊತೆಗಿರುತ್ತಾರೆಂದು ಬರೆದುಕೊಟ್ಟಿರುವುದಿಲ್ಲ.

ಇನ್ನೊಂದು ಅಪಾಯ, ಎಲ್ಲವೂ ಒಂದೇ ಗಂಟಿಗೆ ಬಿಗಿದುಕೊಳ್ಳುವುದು. 2022ರ ಜುಲೈ 8ರಂದು ಕೆನಡಾದ ರಾಜರ್ಸ್ ಕಂಪನಿಯಲ್ಲಿ ಜಾಲದ ನವೀಕರಣದ ಹೊತ್ತಿನಲ್ಲಿ ಒಂದು ತಪ್ಪು ಆಯಿತು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಫೋನೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಅಂಗಡಿಗಳಲ್ಲಿ ಕಾರ್ಡು ಉಜ್ಜುವ ವ್ಯವಸ್ಥೆ ಅದೇ ಜಾಲವನ್ನು ನೆಚ್ಚಿಕೊಂಡಿದ್ದರಿಂದ ದೇಶವೆಲ್ಲ ನೋಟು ಹುಡುಕಬೇಕಾಯಿತು. 2025ರ ಅಕ್ಟೋಬರ್ 20ರಂದು ವರ್ಜೀನಿಯಾದಲ್ಲಿ ಅಮೆಜಾನ್‌ನ ಕ್ಲೌಡಿನಲ್ಲಿ ಒಂದು ಮುಖ್ಯ ಸೇವೆಯ ವಿಳಾಸ, ವಿಳಾಸಪುಸ್ತಕದಿಂದ ಖಾಲಿಯಾಯಿತು. ಗಣಕಗಳು ಗಟ್ಟಿಯಾಗಿಯೇ ಇದ್ದವು, ಅವುಗಳ ಮನೆ ನಂಬರು ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ! ಪ್ರಪಂಚದ ಮೂಲೆ ಮೂಲೆಯಲ್ಲಿ ನೂರಾರು ಸೇವೆಗಳು ಗಂಟೆಗಟ್ಟಲೆ ಮುಗ್ಗರಿಸಿದವು. ಫೋನಿನ ಜಾಲವೂ ಕ್ಲೌಡೂ ಎರಡೂ ಒಂದೇ ಕಟ್ಟಡದೊಳಗೆ ಸೇರಿದ ಮೇಲೆ ಒಂದಕ್ಕೆ ನೆಗಡಿಯಾದರೆ ಇನ್ನೊಂದು ಸೀನುತ್ತದೆ.

ಬೇರೆ ದಾರಿ ಇಲ್ಲವೇ? ಇದೆ. 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ 4ಜಿ ಜಾಲವನ್ನು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿಯವರು ಉದ್ಘಾಟಿಸಿದರು. ಅದರ ಮಿದುಳು ಸಿ-ಡಾಟ್‌ನದು, ಗೋಪುರಗಳ ಮೇಲಿನ ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಎಲ್ಲವನ್ನೂ ಹೊಂದಿಸಿದ್ದು ಟಿಸಿಎಸ್. ಸುಮಾರು 97,500 ಗೋಪುರಗಳು. ಖಾಸಗಿ ಕಂಪನಿಗಳು 5ಜಿಗೆ ಹೋಗಿ ಮೂರು ವರ್ಷವಾದ ಮೇಲೆ 4ಜಿ ಬಂತು ಎಂದು ನಗುವವರಿದ್ದಾರೆ. ನಗಲಿ. ತಡವಾದದ್ದು ನಿಜ. ಆದರೆ ಇಡೀ ಜಾಲವನ್ನು ತಾವೇ ಮಾಡಬಲ್ಲ ದೇಶಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು. ಕಿತ್ತೂರಿನಲ್ಲಿ ಕಲಿತ ಪಾಠ ವ್ಯರ್ಥವಾಗಿಲ್ಲ ಎನ್ನುವುದು ನನಗೆ ಸಮಾಧಾನ ಕೊಡುವ ಸಂಗತಿ.

ಪೋಷಕರ ಪ್ರಶ್ನೆಗೆ ಬರುತ್ತೇನೆ. ಪುಕ್ಕಟೆ ಸೇವೆಯಿಂದ ಫೋನ್ ಕಂಪನಿಗೆ ಸಿಗುವುದು ನೀವು ಬೇರೆ ಸಿಮ್‌ಗೆ ಹೋಗದಿರುವುದು. ಆ ಕೊಡುಗೆಯನ್ನು 5ಜಿ ರೀಚಾರ್ಜಿಗೆ ಕಟ್ಟಿದ್ದು ಅದಕ್ಕೇ. ಗಣಕದ ಕಂಪನಿಗೆ ಸಿಗುವುದು ಕೋಟ್ಯಂತರ ಹೊಸಬರ ಅಭ್ಯಾಸ. ಹದಿನೆಂಟು ತಿಂಗಳಲ್ಲಿ ಮಗುವಿನ ಟಿಪ್ಪಣಿ, ಫೋಟೋ, ಪ್ರಾಜೆಕ್ಟ್ ವರದಿ ಎಲ್ಲ ಅಲ್ಲೇ ತುಂಬಿಕೊಂಡಿರುತ್ತದೆ. ಅವಧಿ ಮುಗಿದ ದಿನ ಖಾಲಿ ಮಾಡಿಕೊಂಡು ಬರುವುದು ಹೇಳಿದಷ್ಟು ಸುಲಭವಲ್ಲ. ಹದಿನೆಂಟು ದಾಟಿದ ಮಗ ಬಳಸಲಿ ಬಿಡಿ, ಆದರೆ ಮೂರು ತಿಂಗಳಿಗೊಮ್ಮೆ ಮುಖ್ಯವಾದುದನ್ನು ಮನೆಯ ಪೆನ್ ಡ್ರೈವಿಗೆ ಇಳಿಸಿಕೊಳ್ಳಲಿ. ಅವಧಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎಲ್ಲಿಯಾದರೂ ತಾನಾಗಿಯೇ ಹಣ ಕಡಿತವಾಗುವಂತೆ ಒಪ್ಪಿಗೆ ಕೊಟ್ಟಿದ್ದೀರಾ ನೋಡಿ. ಹದಿನೆಂಟರ ಒಳಗಿನ ಮಕ್ಕಳ ವಿಷಯ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಕೊಟ್ಟ ಗಡುವೂ ಹದಿನೆಂಟು ತಿಂಗಳೇ. ಅಲ್ಲಿತನಕ ಕಾವಲು ಮನೆಯವರದೇ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಖರ್ಚಿಲ್ಲ. ಶಾಲೆಯ ಗಣಕದಲ್ಲಿ ಶಿಕ್ಷಕರನ್ನು ಕೇಳಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು, ಯಾವುದಾದರೂ ಜಾಲತಾಣದ ವಿಳಾಸ ಕೊಡಿ. ನಿಮ್ಮ ಗಣಕ ಅಲ್ಲಿಗೊಂದು ಸಣ್ಣ ಸಂದೇಶ ಕಳಿಸಿ, ಹೋಗಿಬರಲು ಹಿಡಿದ ಸಮಯವನ್ನು ಮಿಲಿಸೆಕೆಂಡಿನಲ್ಲಿ ತೋರಿಸುತ್ತದೆ. ಕೆಲವು ತಾಣಗಳು ಉತ್ತರ ಕೊಡುವುದಿಲ್ಲ, ಬೇರೆಯದನ್ನು ನೋಡಿ. ಬಂದ ಅಂಕಿಯನ್ನು 100ರಿಂದ ಗುಣಿಸಿ. ಉತ್ತರ ಕೊಟ್ಟ ಗಣಕ ನಿಮ್ಮಿಂದ ಹೆಚ್ಚೆಂದರೆ ಎಷ್ಟು ಕಿಲೋಮೀಟರ್ ದೂರದಲ್ಲಿರಬಹುದು ಎಂಬುದು ಸಿಕ್ಕಿತು. ದಾರಿಯಲ್ಲಿನ ಯಂತ್ರಗಳೂ ಸಮಯ ತಿನ್ನುವುದರಿಂದ ನಿಜವಾದ ದೂರ ಅದಕ್ಕಿಂತ ಕಡಿಮೆಯೇ ಇರುತ್ತದೆ.

ಈಗ ಅಮೆರಿಕದ ಕಂಪನಿಯೊಂದರ ವಿಳಾಸ ಕೊಟ್ಟಿರಿ ಎನ್ನಿ. 12 ಎಂದು ಬಂತು. ಗುಣಿಸಿದರೆ 1,200 ಕಿಲೋಮೀಟರ್. ಅಷ್ಟು ಹೊತ್ತಿನಲ್ಲಿ ಬೆಳಕು ಅಮೆರಿಕಕ್ಕೆ ಹೋಗಿ ಬರುವುದಿರಲಿ, ನಮ್ಮಲ್ಲಿಂದ ಅರಬ್ಬೀ ಸಮುದ್ರವನ್ನು ದಾಟಿ ಮರಳಿ ಬರಲೂ ಆರದು. ಅಂದಮೇಲೆ ಉತ್ತರ ಕೊಟ್ಟದ್ದು ಚೆನ್ನೈಯಲ್ಲೋ ಮುಂಬೈಯಲ್ಲೋ, ಬೆಂಗಳೂರಿನಲ್ಲೇ ಯಾವುದೋ ಫೋನ್ ಕಂಪನಿಯ ಕಟ್ಟಡದಲ್ಲೋ ಕೂತಿರುವ ಅದರ ಬಾಡಿಗೆದಾರ. ಹತ್ತು ವಿಳಾಸಗಳಿಗೆ ಹೀಗೆ ಮಾಡಿ, ಭೂಪಟದ ಮೇಲೆ ನಿಮ್ಮ ಊರನ್ನು ಕೇಂದ್ರವಾಗಿಟ್ಟುಕೊಂಡು ಕೈವಾರದಿಂದ ವೃತ್ತಗಳನ್ನು ಎಳೆಯಿರಿ. ಯಾವ ಕಂಪನಿ ಯಾರ ಮನೆಯ ಜಗುಲಿಗೆ ಎಷ್ಟು ಹತ್ತಿರ ಬಂದಿದೆ ಎಂಬುದು ಆ ವೃತ್ತಗಳಲ್ಲಿ ಕಾಣುತ್ತದೆ.